ಅಡ್ಜಸ್ಟ್ ಮಾಡಿಕೊಂಡವರು ಯಾರು?

ಹೋದ ವರ್ಷ ಊರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ರಾತ್ರಿ ಊಟ ಮುಗಿದ ಮೇಲೆ ಮಲಗುವ ಜಾಗದ ಹಂಚಿಕೆ ಶುರುವಾಯಿತು. ಬೆಂಗಳೂರಿನವರಿಗೆ ಮಾಳಿಗೆಯ ಕೋಣೆ, ಹುಬ್ಬಳ್ಳಿಯವರಿಗೆ ಪಡಸಾಲೆ. ನನ್ನ ಮತ್ತು ನನ್ನ ಹೆಂಡತಿಯ ಸರದಿ ಬಂದಾಗ ಮನೆಯ ಯಜಮಾನರು ಉಗ್ರಾಣದಲ್ಲಿ ಅಕ್ಕಿಮೂಟೆಗಳ ನಡುವಿನ ಜಾಗ ತೋರಿಸಿ ನಗುತ್ತ ಹೇಳಿದರು: "ಇವರದ್ದೇನೂ ಚಿಂತೆ ಇಲ್ಲ ಬಿಡಿ. ಮುಂಬಯಿಯವರು. ಎಲ್ಲಿ ಬೇಕಾದ್ರೂ ಅಡ್ಜಸ್ಟ್ ಮಾಡ್ಕೋತಾರೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಂಡತಿ ನಗಲಿಲ್ಲ.

ಮೂವತ್ತು ವರ್ಷಗಳಿಂದ ಈ ಮಾತು ಕೇಳುತ್ತಿದ್ದೇನೆ. ಹೊಗಳಿಕೆಯ ಧ್ವನಿಯಲ್ಲಿ ಹೇಳುವುದರಿಂದ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ದೀಪಾವಳಿ ವಿಶೇಷಾಂಕದಲ್ಲಿ ಮುಂಬಯಿಯ ಚಾಳಿನ ಬಗ್ಗೆ ಒಂದು ಲೇಖನ ಬಂತೆಂದರೆ ಅದರಲ್ಲಿ ಈ ಮಾತು ಇದ್ದೇ ಇರುತ್ತದೆ: ಮನೆ ಚಿಕ್ಕದು, ಮನಸ್ಸು ದೊಡ್ಡದು. ಸಂಘದ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳೂ ಇದನ್ನೇ ಹೇಳಿ, ಶಾಲು ಹೊದೆಸಿಕೊಂಡು, ರಾತ್ರಿ ಬಸ್ಸಿಗೆ ವಾಪಸಾಗುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಒಂದು ಕಾಲಕ್ಕೆ ನಾನೇ ಇದನ್ನು ಹೇಳಿಕೊಂಡು ತಿರುಗಿದವನು, ಆದ್ದರಿಂದ ಇದು ಎಷ್ಟು ಸುಳ್ಳು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ನಾನು ಮುಂಬಯಿಗೆ ಬಂದದ್ದು 1994ರ ಜೂನ್‌ನಲ್ಲಿ, ಒಂದು ಕನ್ನಡ ಮಾಧ್ಯಮದ ಶಾಲೆಗೆ ಗಣಿತದ ಮಾಸ್ತರನಾಗಿ. ಆಗ ಕೊಂಕಣ ರೈಲು ನಮ್ಮ ಕಡೆಗೆ ಇನ್ನೂ ಓಡುತ್ತಿರಲಿಲ್ಲ. ಕುಮಟೆಯಲ್ಲಿ ಮಧ್ಯಾಹ್ನ ಬಸ್ಸು ಹತ್ತಿದರೆ ಮರುದಿನ ಬೆಳಗ್ಗೆ ಮುಂಬಯಿ. ಹೊರಡುವ ದಿನ ನೆಂಟರೊಬ್ಬರು "ಪರದೇಶಕ್ಕೆ ಹೊರಟೆಯಲ್ಲೋ" ಅಂದಿದ್ದರು. ನಮ್ಮ ಕಡೆಯವರಿಗೆ ಆಗ ಮುಂಬಯಿಯೂ ಪರದೇಶವೇ. ಅಲ್ಲಿ ಕನ್ನಡ ಕಲಿಸಲು ಹೋಗುತ್ತಿದ್ದೇನೆ ಎಂಬ ಹೆಮ್ಮೆ ನನಗೂ ಇತ್ತು. ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರ ಕಥೆಗಳನ್ನು ಕೇಳಿಯೇ ಬೆಳೆದವರಲ್ಲವೇ ನಾವು? ಆ ಹುಡುಗರಿಗೆ ಪಾಠ ಹೇಳಿದವರು ಎಲ್ಲಿ ಮಲಗುತ್ತಿದ್ದರು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಶಾಲೆಯವರು ಕೆಲಸ ಕೊಟ್ಟರು, ಮನೆ ಕೊಡಲಿಲ್ಲ. ಆಡಳಿತ ಮಂಡಳಿಯ ಹಿರಿಯರನ್ನು ಕೇಳಿದೆ. "ಮಾಸ್ತರ್ರೇ, ಇದು ಮುಂಬಯಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಅವರೇನೂ ಕೆಟ್ಟವರಲ್ಲ. ಅವರಿಗೂ ಒಂದು ಕಾಲದಲ್ಲಿ ಯಾರೋ ಹಾಗೇ ಹೇಳಿದ್ದರು. ಕೊನೆಗೆ ಪರೇಲ್ ಕಡೆಯ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿ ಒಂದು ಖೋಲಿ ಸಿಕ್ಕಿತು. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಡಿಪಾಸಿಟ್ಟಿಗೆ ಅಮ್ಮ ತನ್ನ ಎರಡು ಬಳೆ ಬಿಚ್ಚಿ ಕೊಟ್ಟಳು. ಅವನ್ನು ಊರಿನ ಸೊಸೈಟಿಯಲ್ಲಿ ಅಡವಿಟ್ಟು ಹಣ ತಂದೆ.

ಚಾಳಿನ ಖೋಲಿ ಅಂದರೆ ಏನೆಂದು ನೋಡದವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಣಿತದ ಮಾಸ್ತರ, ಕ್ಷಮಿಸಿ. ಒಟ್ಟು 120 ಚದರ ಅಡಿ. ಅದರಲ್ಲಿ ಮಂಚಕ್ಕೆ 24. ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿ ನೀರು ಹೋಗಲು ತೂತು ಬಿಟ್ಟ ಜಾಗಕ್ಕೆ ಮೋರಿ ಎನ್ನುತ್ತಾರೆ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅಲ್ಲೇ. ಅದಕ್ಕೆ 12. ಒಲೆಯ ಕಟ್ಟೆಗೆ 8. ನೀರಿನ ಡ್ರಮ್ಮಿಗೆ 4. ಕಬ್ಬಿಣದ ಕಪಾಟಿಗೆ ನಾಲ್ಕೂವರೆ. ನನ್ನ ಪುಸ್ತಕದ ಸ್ಟ್ಯಾಂಡಿಗೆ 3. ಎಲ್ಲ ಕಳೆದರೆ ಉಳಿಯುವುದು ಅರವತ್ತನಾಲ್ಕೂವರೆ ಚದರ ಅಡಿ. 1998ರ ಹೊತ್ತಿಗೆ ನಾವು ಆ ಖೋಲಿಯಲ್ಲಿ ನಾಲ್ಕು ಜನ ಇದ್ದೆವು. ನಾನು, ಹೆಂಡತಿ, ಒಂದು ವರ್ಷದ ಮಗಳು, ಹೊಸದಾಗಿ ಶುರುವಾಗಿದ್ದ ರೈಲಿನಲ್ಲಿ ಕೆಲಸ ಹುಡುಕಿಕೊಂಡು ಬಂದ ನನ್ನ ತಮ್ಮ. ಮರುವರ್ಷ ಅಮ್ಮ ಬಂದು ಐದಾದೆವು. ಅರವತ್ತನಾಲ್ಕೂವರೆಯನ್ನು ಐದರಿಂದ ಭಾಗಿಸಿದರೆ ತಲಾ ಸುಮಾರು 13 ಚದರ ಅಡಿ. ಚಾಪೆ ಹಾಸಿ ನೇರ ಮಲಗಿದ ಮನುಷ್ಯನಿಗೆ ಆರಡಿ ಉದ್ದ, ಎರಡಡಿ ಅಗಲ ಬೇಕು, ಅಂದರೆ 12. ಒಬ್ಬೊಬ್ಬರಿಗೂ ಒಂದೊಂದು ಚದರ ಅಡಿ ಮಿಗುತ್ತದೆ. ಅದರಲ್ಲಿ ದೊಡ್ಡ ಮನಸ್ಸನ್ನು ಇಟ್ಟುಕೊಳ್ಳಬೇಕು.

ಇನ್ನು ಸಂಡಾಸು. ಗ್ಯಾಲರಿಯ ಕೊನೆಯಲ್ಲಿ ನಾಲ್ಕು. ಖೋಲಿಗಳು ಇಪ್ಪತ್ತು. ನಳದಲ್ಲಿ ನೀರು ಬರುತ್ತಿದ್ದದ್ದು ನಸುಕಿನಲ್ಲಿ ಮಾತ್ರ, ಐದರಿಂದ ಆರೂವರೆಯವರೆಗೆ.

1998ರ ನವೆಂಬರಿನಲ್ಲಿ ಒಂದು ರಾಜ್ಯೋತ್ಸವದ ಸಭೆಯಲ್ಲಿ ನನಗೆ ಭಾಷಣಕ್ಕೆ ಕರೆದರು. ನಾನು ಆರಿಸಿಕೊಂಡ ವಿಷಯ 'ಚಿಕ್ಕ ಮನೆ, ದೊಡ್ಡ ಮನಸ್ಸು'. ಚಪ್ಪಾಳೆಗೆ ಕೊರತೆಯಾಗಲಿಲ್ಲ. ಹೆಂಡತಿ ಮಗಳನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ಕೇಳಿದಳು: "ನೀವು ಎಚ್ಚರ ಇದ್ದಾಗ ಆ ಮನೇಲಿ ದಿನಕ್ಕೆ ಎಷ್ಟು ತಾಸು ಇರ್ತೀರಿ?"

ಲೆಕ್ಕ ಹಾಕಿದೆ. ಐದೂವರೆಗೆ ಏಳುತ್ತಿದ್ದೆ, ಆರೂವರೆಗೆ ಹೊರಡುತ್ತಿದ್ದೆ. ಬೆಳಗಿನ ಶಾಲೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುವುದು, ಎರಡು ಟ್ಯೂಶನ್, ಸಂಜೆ ರಾತ್ರಿ ಶಾಲೆ. ಮನೆಗೆ ಬರುವಾಗ ಹತ್ತು. ಹನ್ನೊಂದಕ್ಕೆ ನಿದ್ದೆ. ಅಂದರೆ ಎರಡು ತಾಸು. ಅವಳದ್ದು? ಬಜಾರಿಗೆ ಹೋಗಿ ಬರುವ ಒಂದು ತಾಸು, ನಿದ್ದೆಯ ಆರು ತಾಸು ಬಿಟ್ಟರೆ ಹದಿನೇಳು. ಆ ಹದಿನೇಳು ತಾಸಿನಲ್ಲಿ ನೀರು ತುಂಬುವುದು, ಮಗುವಿಗೆ ಹಾಲು ಕುಡಿಸುವುದು, ಒದ್ದೆ ಬಟ್ಟೆಗಳನ್ನು ತಲೆಯ ಮೇಲಿನ ಹಗ್ಗಕ್ಕೆ ಹಾಕುವುದು. ಸೀರೆ ಬದಲಿಸಬೇಕಾದರೆ ಮೈದುನ ಗ್ಯಾಲರಿಗೆ ಹೋಗಬೇಕು. ಅವನು ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದರೆ ಅವನನ್ನು ಎಬ್ಬಿಸಬೇಕು, ಇಲ್ಲವೇ ಅವನು ಏಳುವವರೆಗೂ ಕಾಯಬೇಕು. ಅವನಿಗೂ ನಾಚಿಕೆ, ಇವಳಿಗೂ ನಾಚಿಕೆ. ಇದರಲ್ಲಿ ನಾನು ಅಡ್ಜಸ್ಟ್ ಮಾಡಿಕೊಂಡದ್ದೇನು? ಊರೆಲ್ಲ ಹೊಗಳಿದ್ದು ನನ್ನನ್ನು. "ಪಾಪ, ಮಾಸ್ತರ್ರು ಅಷ್ಟು ಸಣ್ಣ ಜಾಗದಲ್ಲಿ ಸಂಸಾರ ಮಾಡ್ತಾರೆ."

ಆ ಪ್ರಶ್ನೆಯನ್ನು ನಾನು ಅವತ್ತು ನಕ್ಕು ತೇಲಿಸಿಬಿಟ್ಟೆ. ಎರಡೇ ತಿಂಗಳಲ್ಲಿ ಅದರ ಉತ್ತರ ಮನೆಗೇ ಬಂತು.

ಅಪ್ಪ 1997ರಲ್ಲಿ ತೀರಿಕೊಂಡಿದ್ದರು. ಅಮ್ಮ ಊರಿನಲ್ಲಿ ಒಬ್ಬಳೇ. 1999ರ ಜನವರಿಯಲ್ಲಿ ಕಣ್ಣಿನ ಪೊರೆ ತೆಗೆಸಲೆಂದು ಅವಳನ್ನು ಮುಂಬಯಿಗೆ ಕರೆತಂದೆ. ಆಪರೇಶನ್ ಆದ ಮೇಲೆ ಇಲ್ಲೇ ಇದ್ದುಬಿಡಲಿ, ಊರಿನ ಮನೆಗೆ ಬೀಗ ಹಾಕೋಣ ಎಂದೇ ಮಾತಾಗಿತ್ತು. ಅವಳೂ ಒಪ್ಪಿದ್ದಳು. ತುಳಸಿಕಟ್ಟೆಯ ಒಂದು ಗಿಡವನ್ನು ಡಬ್ಬಿಯಲ್ಲಿಟ್ಟು ತಂದಿದ್ದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮಂಜು. ರಾತ್ರಿ ಸಂಡಾಸಿಗೆ ಹೋಗಬೇಕೆಂದರೆ ಮಗ್ಗುಲಲ್ಲಿ ಮಲಗಿದ ಮೂವರನ್ನು ದಾಟಿ, ಬಾಗಿಲು ತೆಗೆದು, ಗ್ಯಾಲರಿಯಲ್ಲಿ ಸಾಲಾಗಿ ಮಲಗಿದ ಗಂಡಸರ ಕಾಲು ತುಳಿಯದ ಹಾಗೆ ಆ ತುದಿಯವರೆಗೆ ನಡೆಯಬೇಕು. ಅಲ್ಲಿ ಬಲ್ಬು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳಗ್ಗೆಯಾದರೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಊರಿನಲ್ಲಿ ನಾಲ್ಕು ಜನರೆದುರು ಸೆರಗು ಸರಿಯಾಗದೆ ನಿಂತವಳಲ್ಲ ಅಮ್ಮ. ಅವಳು ಒಂದು ಉಪಾಯ ಮಾಡಿಕೊಂಡಳು. ಸಂಜೆ ನಾಲ್ಕರ ನಂತರ ನೀರು ಕುಡಿಯುವುದನ್ನೇ ಬಿಟ್ಟಳು. ಆಮೇಲಾಮೇಲೆ ಮಧ್ಯಾಹ್ನದ ಮಜ್ಜಿಗೆಯನ್ನೂ ಬಿಟ್ಟಳು. ಎರಡನೆಯ ವಾರ ಚಳಿಜ್ವರ ಬಂತು. ಮೂತ್ರದ ಸೋಂಕು ಎಂದರು ಡಾಕ್ಟರು. "ಅಜ್ಜಿ, ನೀರು ಯಾಕೆ ಕುಡೀತಾ ಇಲ್ಲ?" ಎಂದು ಕೇಳಿದರು. ಅಮ್ಮ ಮಾತಾಡಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ಹೆಂಡತಿಗೆ ಎಲ್ಲ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ನಾನು ನಿದ್ದೆಯಲ್ಲಿರುತ್ತಿದ್ದೆ, ಬೆಳಗ್ಗೆ ಶಾಲೆ ಇರುತ್ತಿತ್ತಲ್ಲ.

ಹತ್ತೊಂಬತ್ತನೆಯ ದಿನ ಅಮ್ಮ ಊರಿಗೆ ಹೊರಟಳು. ಆಕಳು ಕರು ಹಾಕುವ ಹೊತ್ತು, ಪಕ್ಕದ ಮನೆಯವರಿಗೆ ಎಷ್ಟು ದಿನ ಅಂತ ತೊಂದರೆ ಕೊಡುವುದು ಎಂದಳು. ನಾನು ಒತ್ತಾಯ ಮಾಡಿದೆ, ಆದರೆ ಬಹಳ ಮಾಡಲಿಲ್ಲ.

ಊರಿನಲ್ಲಿ ಮಾತು ಹಬ್ಬಿತು. "ಸೊಸೆ ಅತ್ತೆಯನ್ನ ಇಟ್ಕೊಳ್ಳಲಿಲ್ಲ. ಇಪ್ಪತ್ತು ದಿನ ಕೂಡ ಆಗಲಿಲ್ಲ, ಕಣ್ಣಿನ ಪಟ್ಟಿ ಬಿಚ್ಚಿದ ತಕ್ಷಣ ಕಳಿಸಿದ್ಲು." ಅಮ್ಮ ಹಾಗೆಂದು ಯಾರಿಗೂ ಹೇಳಲಿಲ್ಲ. ಹಾಗಲ್ಲ ಎಂದೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಸಂಡಾಸಿನ ಸಾಲಿನಲ್ಲಿ ನಿಂತ ಕಥೆಯನ್ನು ನಾಲ್ಕು ಜನರೆದುರು ಹೇಳುವ ಹೆಂಗಸಲ್ಲ ಅವಳು. ಹೇಳಬೇಕಾದವನು ನಾನು. ನಾನೂ ಹೇಳಲಿಲ್ಲ. ಮುಂಬಯಿಯಲ್ಲಿ ಮಾಸ್ತರಿಕೆ ಮಾಡುವವನ ಮನೆಯೊಳಗೆ ಸಂಡಾಸೇ ಇಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಹೆಂಡತಿಯ ಹೆಸರು ಕೆಟ್ಟಿತು, ನನ್ನ ಮಾನ ಉಳಿಯಿತು. 2001ರ ಮಳೆಗಾಲದಲ್ಲಿ ಅಮ್ಮ ಊರಿನಲ್ಲೇ ತೀರಿಕೊಂಡಳು. ಹನ್ನೆರಡನೆಯ ದಿನದ ಊಟದ ಪಂಕ್ತಿಯಲ್ಲೂ ಆ ಮಾತು ಬಂತು. ಬಡಿಸುತ್ತಿದ್ದವಳು ನನ್ನ ಹೆಂಡತಿ.

ಆದ್ದರಿಂದ ಊರಿನ ಓದುಗರಿಗೆ ಮೊದಲು ಇದನ್ನು ಹೇಳಬೇಕು. ನೀವು ತಪ್ಪು ಮಾಡಿದವರನ್ನು ಬಿಟ್ಟು ಬೇರೆಯವರಿಗೆ ಶಿಕ್ಷೆ ಕೊಟ್ಟಿರಿ. ತಪ್ಪು ಆ 120 ಚದರ ಅಡಿಯದ್ದು. ಮುಂಬಯಿಯ ಸೊಸೆಯಂದಿರು ಬಿಗಿ, ನೆಂಟರು ಹೋದರೆ ಮುಖ ಗಂಟಿಕ್ಕುತ್ತಾರೆ, ಒಂದು ರಾತ್ರಿ ಉಳಿಯಿರಿ ಅನ್ನುವುದಿಲ್ಲ ಎಂದು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮಾತಾಡಿಕೊಂಡಿಲ್ಲ, ನೀವೇ ಹೇಳಿ. ಉಳಿಯಿರಿ ಅಂದರೆ ಆ ರಾತ್ರಿ ಮನೆಯಲ್ಲಿ ಒಬ್ಬರು ಕೂತೇ ಬೆಳಗು ಮಾಡಬೇಕು.

ಒಂದು ಹೋಲಿಕೆ ಕೊಡುತ್ತೇನೆ. 2003ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಮಾದರಿ ಕಾರಾಗೃಹ ಕೈಪಿಡಿ ಒಂದನ್ನು ತಂದಿತು. ಬರಾಕಿನಲ್ಲಿ ಮಲಗುವ ಪ್ರತಿಯೊಬ್ಬ ಕೈದಿಗೆ 3.71 ಚದರ ಮೀಟರ್ ಜಾಗ ಇರಬೇಕೆಂದು ಅದು ಹೇಳುತ್ತದೆ, ಅಂದರೆ ಹೆಚ್ಚುಕಡಿಮೆ 40 ಚದರ ಅಡಿ. ನಮ್ಮ ಖೋಲಿಯಲ್ಲಿ ಮಂಚ, ಮೋರಿ, ಡ್ರಮ್ಮು ಎಲ್ಲ ಸೇರಿಸಿ ಲೆಕ್ಕ ಹಿಡಿದರೂ ತಲಾ 24. ನಿಜ, ನಮ್ಮ ಜೈಲುಗಳೂ ತುಂಬಿ ತುಳುಕುತ್ತವೆ, ಕೈಪಿಡಿಯ ಮಾತು ಕೈಪಿಡಿಯಲ್ಲೇ ಉಳಿಯುತ್ತದೆ. ಆದರೆ ಕೈದಿಗೆ ಇಷ್ಟು ಜಾಗ ಬೇಕೆಂದು ಕಾಗದದ ಮೇಲಾದರೂ ಯಾರೋ ಬರೆದಿದ್ದಾರೆ. ಕೈದಿಯನ್ನು 'ದೊಡ್ಡ ಮನಸ್ಸಿನವನು' ಎಂದು ಯಾರೂ ಹೊಗಳುವುದಿಲ್ಲ. ಹೊಗಳಿಕೆ ನಮಗೆ ಮಾತ್ರ.

"ಮುಂಬಯಿ ದ್ವೀಪ ಮಾರಾಯ್ರೇ, ಮೂರು ಕಡೆ ಸಮುದ್ರ, ಜಾಗ ಎಲ್ಲಿಂದ ತರೋದು?" ಎನ್ನುವವರಿದ್ದಾರೆ. ನಾನೂ ನಂಬಿದ್ದೆ. ಆದರೆ ನಮ್ಮ ಗ್ಯಾಲರಿಯಲ್ಲಿ ನಿಂತರೆ ಎದುರಿಗೇ ಕಾಣುತ್ತಿದ್ದದ್ದು ಒಂದು ಮುಚ್ಚಿದ ಬಟ್ಟೆಗಿರಣಿ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಸತ್ತವು. ಅವುಗಳ ಕೈಯಲ್ಲಿದ್ದದ್ದು ನಗರದ ನಟ್ಟನಡುವೆ ಸುಮಾರು 600 ಎಕರೆ. 1991ರ ನಿಯಮದಂತೆ ಅದರಲ್ಲಿ ಮೂರರಲ್ಲೊಂದು ಪಾಲು ನಗರಪಾಲಿಕೆಯ ಬಯಲಿಗೆ, ಒಂದು ಪಾಲು ಜನರ ಮನೆಗಳಿಗೆ, ಒಂದು ಪಾಲು ಮಾಲೀಕರಿಗೆ ಎಂದಿತ್ತು. 2001ರಲ್ಲಿ ಆ ನಿಯಮವನ್ನು ತಿದ್ದಿದರು. ಕಟ್ಟಡ ಇಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು ಎಂದಾಯಿತು. ಹಂಚಬೇಕಾದ ಜಾಗ ಬಹಳ ಕಡಿಮೆಯಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ಅಲ್ಲಿ ಮಾಲುಗಳಿವೆ, ಆಕಾಶ ಮುಟ್ಟುವ ಟವರುಗಳಿವೆ. ಜಾಗ ಇರಲಿಲ್ಲ ಅನ್ನಬೇಡಿ. ಜಾಗ ಇತ್ತು, ನಮಗೆ ಇರಲಿಲ್ಲ.

ಸರ್ಕಾರದ ಅಳತೆಕೋಲನ್ನೇ ನೋಡಿ. ನೂರು ವರ್ಷದ ಹಿಂದೆ ಬ್ರಿಟಿಷರ ಕಾಲದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದು ಖೋಲಿ 160 ಚದರ ಅಡಿ. 1995ರ ನಂತರದ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಮೊದಲು 225 ಚದರ ಅಡಿ, ಆಮೇಲೆ 269, ಆಮೇಲೆ 300. ವರಳಿಯ ಬಿಡಿಡಿ ಚಾಳಿನ ಮೊದಲ ಕುಟುಂಬಗಳಿಗೆ 2025ರ ಆಗಸ್ಟ್‌ನಲ್ಲಿ 500 ಚದರ ಅಡಿಯ ಹೊಸ ಮನೆಯ ಕೀಲಿಕೈ ಸಿಕ್ಕಿತು. ಸಂಖ್ಯೆ ಇಷ್ಟಿಷ್ಟೇ ಮೇಲೆ ಹೋದದ್ದು ಜನ ಕೇಳಿದ್ದರಿಂದ, ಜಗಳ ಆಡಿದ್ದರಿಂದ. ಅಡ್ಜಸ್ಟ್ ಮಾಡಿಕೊಂಡು ಸುಮ್ಮನಿದ್ದವರಿಗೆ ಒಂದು ಅಡಿಯೂ ಸಿಕ್ಕಿಲ್ಲ.

ಚಾಳಿನ ಬದುಕಿನಲ್ಲಿ ಒಳ್ಳೆಯದು ಏನೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮಗಳಿಗೆ ಜ್ವರ ಏರಿ ಕಣ್ಣು ಮೇಲಾದ ರಾತ್ರಿ ನಾನು ಶಾಲೆಯಲ್ಲಿದ್ದೆ. ಪಕ್ಕದ ಖೋಲಿಯ ಮರಾಠಿ ಮಾವಶಿ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದರು. ಅವರ ಋಣ ನಾವು ಸಾಯುವವರೆಗೆ ತೀರುವುದಿಲ್ಲ. ಆದರೆ ಆ ಒಳ್ಳೆಯತನ ಮಾವಶಿಯದ್ದು, ಖೋಲಿಯದ್ದಲ್ಲ. ಅದೇ ಮಾವಶಿ ನಾಲಾಸೋಪಾರಾದಲ್ಲಿ ಎರಡು ಕೋಣೆಯ ಮನೆ ಸಿಕ್ಕ ದಿನ ಎಲ್ಲರಿಗೂ ಪೇಡೆ ಹಂಚಿದರು. ನಾವೂ 2003ರಲ್ಲಿ ಸಾಲ ಮಾಡಿ ಡೊಂಬಿವಲಿಗೆ ಹೋದೆವು. ಸಂಡಾಸು ಮನೆಯೊಳಗಿದೆ ಎಂದು ತೋರಿಸಲು ಹೆಂಡತಿ ಬಂದವರಿಗೆಲ್ಲ ಆ ಬಾಗಿಲನ್ನೇ ಮೊದಲು ತೆರೆಯುತ್ತಿದ್ದಳು. ಮನಸ್ಸು ಇನ್ನಷ್ಟು ದೊಡ್ಡದಾಗಲಿ ಎಂದು ಇನ್ನೂ ಚಿಕ್ಕ ಮನೆಗೆ ಹೋದ ಒಬ್ಬನನ್ನಾದರೂ ನಾನು ಈ ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಈಗ ಹೊಸ ಫ್ಯಾಶನ್ ಒಂದು ಬಂದಿದೆ. ಹಾಂಗ್‌ಕಾಂಗ್, ಟೋಕಿಯೋಗಳಿಗೆ ಕಲಿಸಲು ಹೋದ ನಮ್ಮ ಹುಡುಗರು ಪುಟ್ಟ ಫ್ಲ್ಯಾಟಿನ ಫೋಟೋ ಕಳಿಸುತ್ತಾರೆ. ಗೋಡೆಗೆ ಮಡಚುವ ಮಂಚ, ಮಂಚದ ಕೆಳಗೆ ಕಪಾಟು. ನೋಡಿ, ಎಷ್ಟು ಚೆಂದ ಹೊಂದಿಸಿಕೊಂಡಿದ್ದಾರೆ ಎನ್ನುತ್ತೀರಿ. ಅವರ ಕಷ್ಟ ಅವರಿಗೆ, ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಆದರೆ ಅಲ್ಲಿ ಇರುವವನು ಒಬ್ಬನೇ. ನಳ ತಿರುಗಿಸಿದರೆ ನೀರು ಬರುತ್ತದೆ, ಬಾಗಿಲು ಹಾಕಿಕೊಂಡರೆ ಸಂಡಾಸು ಅವನದೇ. ಅದನ್ನೂ ಐವರ ಖೋಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 2020ರಲ್ಲಿ ಕೊರೊನಾ ಬಂದಾಗ ಆರಡಿ ದೂರ ಇರಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ನಮ್ಮ ಹಳೆಯ ಚಾಳಿನಿಂದ ಒಬ್ಬರು ಫೋನು ಮಾಡಿ, "ಮಾಸ್ತರ್, ನೀವು ಗಣಿತದವರು. ಹತ್ತು ಹನ್ನೆರಡರ ಖೋಲಿಯಲ್ಲಿ ಆರು ಜನ ಆರಾರು ಅಡಿ ದೂರ ಹೇಗೆ ಕೂರೋದು, ಹೇಳಿ" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊರನಾಡ ಕನ್ನಡದ ಬಗ್ಗೆ ನಿಮಗೆ ಬಹಳ ಪ್ರೀತಿ. ಸಂತೋಷ. ಆದರೆ ಆ ಪ್ರೀತಿ ಯಾವಾಗಲೂ ಸಭಾಭವನವಾಗಿ, ಮೂರ್ತಿಯಾಗಿ, ಸಮ್ಮೇಳನವಾಗಿ ಬರುತ್ತದೆ. ದೇಣಿಗೆ ಬಂದರೆ ಹಾಲ್ ಆಗುತ್ತದೆ, ಎ.ಸಿ. ಆಗುತ್ತದೆ. ಊರಿನಿಂದ ಹೊಸದಾಗಿ ಬರುವ ಮಾಸ್ತರನಿಗೆ, ಟೀಚರಮ್ಮನಿಗೆ ಮೊದಲ ಎರಡು ವರ್ಷ ಇರಲು ನಾಲ್ಕು ಖೋಲಿ ಕಟ್ಟೋಣ ಎಂದು ಯಾವ ಸಭೆಯಲ್ಲೂ ಠರಾವು ಆದದ್ದು ನಾನು ಕೇಳಿಲ್ಲ. ನನ್ನ ಜೊತೆ ಬಂದ ಮೂವರಲ್ಲಿ ಇಬ್ಬರು ವರ್ಷದೊಳಗೆ ಊರಿಗೆ ಮರಳಿದರು. ಅವರಿಬ್ಬರೂ ನನಗಿಂತ ಒಳ್ಳೆಯ ಮಾಸ್ತರರು. ಒಬ್ಬನ ಹೆಂಡತಿ ಖೋಲಿ ನೋಡಿ ಬಾಗಿಲಲ್ಲೇ ನಿಂತಳಂತೆ. ಎಲ್ಲರೂ ಅವಳಿಗೆ ಅಡ್ಜಸ್ಟ್ ಆಗಲಿಲ್ಲ ಎಂದು ಬೈದರು. ನಾನೂ ಬೈದಿದ್ದೆ. ಕನ್ನಡ ಶಾಲೆಗಳು ಮುಚ್ಚುತ್ತಿವೆ ಎಂದು ಈಗ ಕಣ್ಣೀರು ಹಾಕುತ್ತೇವೆ. ಮಕ್ಕಳು ಇಂಗ್ಲಿಷಿಗೆ ಹೋದರು ಅನ್ನುವುದು ನಿಜ. ಆದರೆ ಕಲಿಸುವವರನ್ನು ನಾವು ಎಲ್ಲಿ ಮಲಗಿಸಿದೆವು ಎಂದೂ ಕೇಳಿಕೊಳ್ಳಬೇಕಲ್ಲ. ಹಾಗೆಯೇ ಖೋಲಿಯಲ್ಲಿ ಓದಲು ಜಾಗವಿಲ್ಲದ ಮಕ್ಕಳಿಗೆ ರಾತ್ರಿ ಹನ್ನೊಂದರವರೆಗೆ ಆ ಹಾಲಿನ ಬಾಗಿಲು ತೆರೆದಿಡಿ. ಅದಕ್ಕೆ ಒಬ್ಬ ಕಾವಲುಗಾರ, ನಾಲ್ಕು ಟ್ಯೂಬ್‌ಲೈಟು ಸಾಕು.

ಊರಿನವರಿಗೆ ಒಂದೇ ಬೇಡಿಕೆ. ಹೊರಗೆ ಕಲಿಸಲು, ದುಡಿಯಲು ಹೋದ ಮಗನ ಮನೆಯ ಬಗ್ಗೆ ಕೇಳುವಾಗ ಸೊಸೆ ಹೇಗೆ ಎಂದು ಕೇಳುವ ಮೊದಲು ಮನೆ ಎಷ್ಟು ಚದರ ಅಡಿ ಎಂದು ಕೇಳಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸಂಡಾಸು ಒಳಗಿದೆಯೋ ಹೊರಗಿದೆಯೋ ಎಂದು ಕೇಳಿ. ನಾಚಿಕೆಪಡಬೇಡಿ. ನಾಚಿಕೆಪಟ್ಟೇ ನಾನು ಎರಡು ಹೆಂಗಸರಿಗೆ ಅನ್ಯಾಯ ಮಾಡಿದೆ. ಅವರಲ್ಲಿ ಒಬ್ಬಳ ಹತ್ತಿರ ಕ್ಷಮೆ ಕೇಳಲು ಈಗ ಸಾಧ್ಯವಿಲ್ಲ.

ಅಂದಹಾಗೆ ಆ ಮದುವೆಮನೆಯ ರಾತ್ರಿ. ಎಲ್ಲರ ನಗು ನಿಂತ ಮೇಲೆ ನನ್ನ ಹೆಂಡತಿ ಯಜಮಾನರಿಗೆ ನೇರವಾಗಿ ಹೇಳಿದಳು: "ನಮಗೆ ಅಡ್ಜಸ್ಟ್ ಆಗೋದಿಲ್ಲ. ಇವರಿಗೆ ಮೊಣಕಾಲು ನೋವು, ನನಗೆ ಬೆನ್ನು ನೋವು. ಒಂದು ಮಂಚ ಬೇಕು." ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಕಿದರು. ಮಾಳಿಗೆಯ ಕೋಣೆಯಲ್ಲಿ ಒಂದು ಮಂಚ ಖಾಲಿ ಇತ್ತು. ಅದರ ಮೇಲೆ ಬೆಂಗಳೂರಿನವರ ಸೂಟ್‌ಕೇಸುಗಳನ್ನು ಇಟ್ಟಿದ್ದರು.